ಪದಚರ್ಚೆ: ಮೊರಿಕೋನೆ ‘ಸಂಗೀತ ನಿರ್ದೇಶಕ’ರೇ, ‘ಸಂಯೋಜಕ’ರೇ? (ತುರ್ತು)

ನಾಳೆ ಸಂಜೆ ಫಲಕ ಮುದ್ರಣಕ್ಕೆ ಹೋಗಬೇಕು. ವಿಷಯ: ಎನ್ನಿಯೊ ಮೊರಿಕೋನೆ (1928–2020). ರೋಮ್‌ನವರು, ಕಹಳೆ ಊದಿ, ಆರ್‌ಸಿಎ ಕಂಪನಿಯ ಹಾಡುಗಳಿಗೆ ‘ಅರ್ರಾಂಜತೋರೆ’ಯಾಗಿ (ಹಾಡಿಗೆ ವಾದ್ಯಗಳನ್ನು ಹೊಂದಿಸುವವರಾಗಿ) ದುಡಿದು, 1961ರಿಂದ ಚಿತ್ರಗಳಿಗೆ ‘ಕೊಂಪೊಸಿತೋರೆ’ (ಸಂಗೀತ ರಚಿಸುವವರು) ಆದವರು. ಎರಡಕ್ಕೂ ‘ಸಂಗೀತ ನಿರ್ದೇಶಕ’ ಸಾಕೇ? ‘ಕೊಲೊನ್ನಾ ಸೊನೊರಾ’ಕ್ಕೂ (ಚಿತ್ರಕ್ಕೆ ಜೋಡಿಸುವ ಸಂಗೀತಕ್ಕೆ ಇಟಲಿಯವರ ಹೆಸರು) ಒಂದು ಪದ ಬೇಕು.

*

ಸಾಲದು. ನಮ್ಮ ಸಂಗೀತ ನಿರ್ದೇಶಕರು ಮಟ್ಟು ಹಾಕುತ್ತಾರೆ, ವಾದ್ಯ ಸಂಯೋಜನೆಯನ್ನು ಎಷ್ಟೋ ಸಲ ಬೇರೊಬ್ಬರು ಮಾಡುತ್ತಾರೆ. ಮೊರಿಕೋನೆ ಒಂದೊಂದು ವಾದ್ಯದ ಸಾಲನ್ನೂ ತಾವೇ ಬರೆಯುತ್ತಿದ್ದರು. ಚಿತ್ರ ನಿರ್ದೇಶಕ ಸೆರ್ಜಿಯೊ ಲಿಯೋನೆಯ 1966ರ ಚಿತ್ರ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ನೆನಪಿಸಿಕೊಳ್ಳಿ: ತೋಳದ ಊಳಿನಂಥ ಅದೇ ಸ್ವರಗುಚ್ಛ ಮೂರು ಮುಖ್ಯ ಪಾತ್ರಗಳಲ್ಲಿ ಒಬ್ಬನಿಗೆ ಕೊಳಲಿನಲ್ಲಿ, ಇನ್ನೊಬ್ಬನಿಗೆ ಒಕರೀನಾ ಎಂಬ ಪುಟ್ಟ ಊದುವಾದ್ಯದಲ್ಲಿ, ಮೂರನೆಯವನಿಗೆ ಮನುಷ್ಯರ ಕಂಠದಲ್ಲಿ. ಮಟ್ಟು ಒಂದೇ, ಪಾತ್ರ ಬದಲಾಗುವುದು ವಾದ್ಯದಿಂದ. ಇದು ನಿರ್ದೇಶನವಲ್ಲ, ಸಂಯೋಜನೆ. ಕೊಲೊನ್ನಾ ಸೊನೊರಾಕ್ಕೆ ‘ಹಿನ್ನೆಲೆ ಸಂಗೀತ’ ಎನ್ನಿ, ಮುಗಿಯಿತು.

*

ಮುಗಿಯಲಿಲ್ಲ. 1968ರ ಲಿಯೋನೆ ಚಿತ್ರಕ್ಕೆ ಸಂಗೀತ ಮೊದಲೇ ಸಿದ್ಧವಾಗಿತ್ತು, ಚಿತ್ರೀಕರಣದ ಜಾಗದಲ್ಲಿ ಅದನ್ನು ನುಡಿಸಿ ನಟರನ್ನು ನಡೆಸಿದರು. ಇದರಲ್ಲಿ ಹಿನ್ನೆಲೆ ಎಲ್ಲಿದೆ? ಇನ್ನು ‘ಸಂಯೋಜಕ’ ಎಂದರೆ ಈಗ ಕುರ್ಚಿ, ಮೈಕು, ಊಟ ನೋಡಿಕೊಳ್ಳುವವರು. ಅಚ್ಚಗನ್ನಡದಲ್ಲಿ ‘ಮಟ್ಟುಗಾರ’ ಇರುವಾಗ ಸಂಸ್ಕೃತದ ಬಾಗಿಲು ಏಕೆ ತಟ್ಟಬೇಕು? ಸಂಸ್ಕೃತವೇ ನಮ್ಮಿಂದ ಪಡೆದಿದೆ. ಸಂಸ್ಕೃತದ ಸಂಗೀತ ಗ್ರಂಥ ‘ಸಂಗೀತರತ್ನಾಕರ’ದಲ್ಲಿ ಗೇಯ (ಹಾಡಿನ ಮಟ್ಟು) ಎಂದರೆ ಧಾತು, ವಾಕ್ಕು (ಹಾಡಿನ ಸಾಹಿತ್ಯ) ಎಂದರೆ ‘ಮಾತು’. ಶಾರ್ಙ್ಗದೇವ ಅದನ್ನು ಬರೆದದ್ದು 13ನೆಯ ಶತಮಾನದಲ್ಲಿ, ದೇವಗಿರಿಯ ಸೇವುಣರ ಆಸ್ಥಾನದಲ್ಲಿ. ಆ ಮಾತು ಯಾರ ಮಾತು ಎಂದು ಬಿಡಿಸಿ ಹೇಳಬೇಕೇ?

*

ಬೇಡ. ‘ಗಾರ’ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಹೇಳಿ. ‘ಕಾರ’ದಿಂದ. ಅಚ್ಚಗನ್ನಡದ ಬಾಲ ಸಂಸ್ಕೃತದ್ದು.

*

ಬಾಲ ಹಿಡಿದವರಿಗೆ ತಲೆ ಕಾಣುವುದಿಲ್ಲ. ಹಾಗಾದರೆ ‘ಕಹಳೆ’ಯನ್ನೂ ಬಿಡಿ, ಟ್ರಂಪೆಟ್ ಎನ್ನಿ. ‘ಸಿನಿಮಾ’ಕ್ಕೆ ಯಾರೂ ಸುಂಕ ಕೇಳಲಿಲ್ಲ, ‘ಮಟ್ಟುಗಾರ’ನಿಗೆ ಮಾತ್ರ ವಂಶಾವಳಿ ಬೇಕು!

*

ಇಬ್ಬರೂ ಸ್ವಲ್ಪ ಸುಮ್ಮನಿರಿ. ಕೊಲೊನ್ನಾ ಸೊನೊರಾ ಎಂದರೆ ಮೂಲತಃ ಫಿಲ್ಮಿನ ಅಂಚಿನಲ್ಲಿ ಧ್ವನಿ ಅಚ್ಚಾಗುತ್ತಿದ್ದ ಸಾಲು. ‘ಚಿತ್ರಸಂಗೀತ’ ಎಂದು ಹಾಕಿ. ಹಿನ್ನೆಲೆ ಮುನ್ನೆಲೆಯ ಜಗಳವೇ ಇರುವುದಿಲ್ಲ. ಅರ್ರಾಂಜತೋರೆಗೆ ‘ವಾದ್ಯ ಸಂಯೋಜಕ’ ಸರಿ, ಆದರೆ ಅದನ್ನು ಕೀಳುಗೆಲಸ ಎಂದು ಬರೆಯಬೇಡಿ. 1960ರಲ್ಲಿ ಡಬ್ಬದ ಕುರಿತ ಹಾಡೊಂದಕ್ಕೆ ಈ ಮನುಷ್ಯ ಉರುಳುವ ಖಾಲಿ ಡಬ್ಬದ ಸದ್ದನ್ನೇ ವಾದ್ಯ ಮಾಡಿಕೊಂಡರು. ಮುಂದೆ ಚಿತ್ರಗಳಲ್ಲಿ ಬಂದ ಚಾಟಿ, ಸಿಳ್ಳೆ, ಗಂಟೆಗಳೆಲ್ಲ ಆ ಡಬ್ಬದ ಮೊಮ್ಮಕ್ಕಳು. ಮಾಫಿಯಾ ಧಾರಾವಾಹಿ ‘ಲಾ ಪಿಯೊವ್ರಾ’ವನ್ನೂ ಸೇರಿಸಿ, ಟಿವಿ ಎಂದರೆ ಮೂಗು ಮುರಿಯುವವರು ಹೆಚ್ಚಾಗಿದ್ದಾರೆ.

*

ಎಲ್ಲರಿಗೂ ಕೃತಜ್ಞತೆಗಳು. ‘ಸಂಗೀತ ಸಂಯೋಜಕ’, ‘ಚಿತ್ರಸಂಗೀತ’ ಎಂದು ಕಳುಹಿಸಿದೆ. ಮುದ್ರಕರು ಈಗ ಫೋನ್ ಮಾಡಿದ್ದರು: ಫಲಕದಲ್ಲಿ ಸಂಯೋಜಕರ ಹೆಸರು ಎರಡು ಇದೆಯಂತೆ, ನನ್ನದನ್ನು ಉಳಿಸಿ ಇಟಲಿಯವರದನ್ನು ತೆಗೆಯಲೇ ಎಂದು ಕೇಳಿದರು.