ಡಿಮ್ಮರ್ ತಿರುಗಿಸಿದ್ರೆ ಎಲ್‌ಇಡಿ ಬಲ್ಬ್ ಮಿಣಮಿಣ ಅಂತಿದೆ, ಏನ್ ಮಾಡ್ಲಿ?

ಹಾಸನ್‌ಹುಡ್ಗ:
ಹಾಲ್‌ನಲ್ಲಿ ಅಪ್ಪ ಮನೆ ಕಟ್ಟಿಸ್ದಾಗ ಹಾಕ್ಸಿದ್ದ ಡಿಮ್ಮರ್ ಇದೆ, ಆಗ 60 ವ್ಯಾಟಿನ ಗುಂಡು ಬಲ್ಬ್ ನಾಲ್ಕಿತ್ತು ಏನೂ ತಕರಾರಿರ್ಲಿಲ್ಲ, ಈಗ ಅದೇ ಹೋಲ್ಡರ್‌ಗೆ 9 ವ್ಯಾಟಿನ ಎಲ್‌ಇಡಿ ನಾಲ್ಕು ಹಾಕಿದೀನಿ. ಫುಲ್ ಇಟ್ರೆ ಸರಿ, ಅರ್ಧಕ್ಕೆ ತಂದ್ರೆ ಮಿಣಮಿಣ, ಇನ್ನೂ ಇಳಿಸಿದ್ರೆ ಪಟ್ ಅಂತ ಆಫ್, ಜೊತೆಗೆ ಜೀರುಂಡೆ ಥರ ಸದ್ದು. ಎರಡೇ ತಿಂಗ್ಳಿಗೆ ಒಂದು ಬಲ್ಬ್ ಹೋಯ್ತು. ಎಲೆಕ್ಟ್ರಿಷಿಯನ್ ವೈರಿಂಗೇ ಬದಲಾಯಿಸ್ಬೇಕು ಅಂತಾನೆ, ಹೌದಾ?

ತಂತಿಮೇಷ್ಟ್ರು:
ವೈರಿಂಗ್ ತಂಟೆಗೆ ಹೋಗ್ಬೇಡಿ ಗುರುವೇ. ಬಲ್ಬ್ ಡಬ್ಬ ನೋಡಿ, ಡಿಮ್ಮಬಲ್, ಅಂದ್ರೆ ಡಿಮ್ಮರ್‌ಗೆ ಹೊಂದತ್ತೆ ಅಂತ ಬರೆದಿದ್ಯಾ? ಹಳೇ ಡಿಮ್ಮರ್ ಕರೆಂಟಿನ ಪ್ರತಿ ಅರ್ಧ ಅಲೆಯಲ್ಲೂ ಮುಂದಿನ ಒಂದು ಚೂರು ಕತ್ತರಿಸತ್ತೆ, ನಮ್ಮ 50 ಹರ್ಟ್ಜ್ ಲೈನಲ್ಲಿ ಸೆಕೆಂಡಿಗೆ 100 ಸಲ. ಗುಂಡು ಬಲ್ಬಿನ ತಂತಿ ಅಷ್ಟರಲ್ಲಿ ಆರಲ್ಲ, ಹಂಗಾಗಿ ಕಣ್ಣಿಗೆ ಗೊತ್ತಾಗಲ್ಲ. ಎಲ್‌ಇಡಿ ಒಳಗೆ ಡ್ರೈವರ್ ಅಂತ ಚಿಕ್ಕ ಸರ್ಕ್ಯೂಟ್ ಇರತ್ತೆ, ಅದಕ್ಕೆ ಕರೆಂಟ್ ಏರುಪೇರಾದ್ರೂ ಬೆಳಕು ಒಂದೇ ಸಮ ಇಡೋದೇ ಕೆಲ್ಸ, ನೀವು ಇಳಿಸ್ತೀರ ಅದು ಬಿಡಲ್ಲ ಅನ್ನತ್ತೆ, ಆ ಜಗ್ಗಾಟದಲ್ಲಿ ಒಳಗಿನ ಕೆಪಾಸಿಟರ್ ಬಿಸಿಯಾಗಿ ಸಾಯತ್ತೆ.

ಹಾಸನ್‌ಹುಡ್ಗ:
ಡಬ್ಬದಲ್ಲಿ ಏನೂ ಇಲ್ಲ ಸರ್ 😅 ನಾಲ್ಕು ಡಿಮ್ಮಬಲ್ ತಂದೆ, ರೇಟು ಕೇಳ್ಬೇಡಿ. ಸದ್ದು ಕಮ್ಮಿಯಾಯ್ತು, ಆದ್ರೆ ಕೆಳಗಿಳಿಸಿದ್ರೆ ಇನ್ನೂ ಮಿಣಮಿಣ. ಫ್ಯಾನ್ ರೆಗ್ಯುಲೇಟರ್ ಹಾಕ್ಲಾ, ಮನೇಲಿ ಒಂದು ಬಿದ್ದಿದೆ?

ತಂತಿಮೇಷ್ಟ್ರು:
ಅಯ್ಯೋ ಬೇಡಪ್ಪ! ಅದು ಫ್ಯಾನಿಗೆ ಲೆಕ್ಕ ಹಾಕಿ ಮಾಡಿರೋದು. ಮೇನ್ ಆಫ್ ಮಾಡಿ ಡಿಮ್ಮರ್ ಬಿಚ್ಚಿಸಿ, ಹಿಂದೆ ಎಷ್ಟು ವ್ಯಾಟ್ ಅಂತಿದೆ ನೋಡಿ.

ಹಾಸನ್‌ಹುಡ್ಗ:
60ರಿಂದ 400.

ತಂತಿಮೇಷ್ಟ್ರು:
ಸಿಕ್ತು ನೋಡಿ. ನಾಲ್ಕೊಂಬತ್ಲೆ ಮೂವತ್ತಾರು, ಅದಕ್ಕೆ ಕನಿಷ್ಠ 60 ಬೇಕು. ಒಂದು ಹೋಲ್ಡರ್‌ಗೆ ಹಳೇ 60ರ ಗುಂಡು ಬಲ್ಬ್ ಹಾಕಿ ನೋಡಿ, ಮಿಣಮಿಣ ನಿಂತ್ರೆ ಲೋಡ್ ಸಾಲ್ತಿಲ್ಲ ಅಂತ್ಲೇ ಅರ್ಥ. ಆಮೇಲೆ ಎಲ್‌ಇಡಿಗೇ ಅಂತ ಬರೋ ಟ್ರೇಲಿಂಗ್ ಎಡ್ಜ್ ಡಿಮ್ಮರ್ (ಅಲೆಯ ಮುಂದಿನ ಚೂರಲ್ಲ, ಹಿಂದಿನ ಚೂರು ಕತ್ತರಿಸೋದು) ತಗೊಳ್ಳಿ, ಕನಿಷ್ಠ ವ್ಯಾಟ್ ಕೇಳದೆ ದುಡ್ಡು ಕೊಡ್ಬೇಡಿ.

ಹಾಸನ್‌ಹುಡ್ಗ:
ಗುಂಡು ಬಲ್ಬ್ ಹಾಕಿದ ತಕ್ಷಣ ನಿಂತೋಯ್ತು! ನಿನ್ನೆ 5 ವ್ಯಾಟಿಂದ ಶುರುವಾಗೋ ಡಿಮ್ಮರ್ ಹಾಕಿಸ್ದೆ, ಪೂರ್ತಿ ಕೆಳಗೆ ಸ್ವಲ್ಪ ನಡುಗ್ತಿತ್ತು, ಪಕ್ಕದಲ್ಲಿ ಕನಿಷ್ಠ ಬೆಳಕು ಹೊಂದಿಸೋ ಚಿಕ್ಕ ಸ್ಕ್ರೂ ತಿರುಗಿಸಿದ್ಮೇಲೆ ಅದೂ ಹೋಯ್ತು. ಈಗ ಅಮ್ಮಂದು ಹೊಸ ರಾಗ, ಮೊದ್ಲಿನ ಥರ ಇಳಿಸಿದಂಗೆಲ್ಲ ಕೆಂಪಗಾಗಲ್ವಲ್ಲೋ ಅಂತ.

ತಂತಿಮೇಷ್ಟ್ರು:
ಅದಾಗಲ್ಲ, ಎಲ್‌ಇಡಿ ಮಂದ ಆಗತ್ತೆ, ಬಣ್ಣ ಹಂಗೇ ಇರತ್ತೆ. ಇಳಿಸಿದಂಗೆ ಬಣ್ಣನೂ ಬದಲಾಗೋ ಬಲ್ಬ್ ಬೇರೆ ಬರತ್ತೆ, ಅದರ ರೇಟು ಅಮ್ಮಂಗೆ ನೀವೇ ಹೇಳಿ.