ಊರಿಗೆ ಹೊರಟಾಗ ಮಕ್ಕಳ ಚಸ್ಮಾ ಮರೀಬ್ಯಾಡ್ರಿ

ಡಿಸೆಂಬರ್ ರಜೆಗೆ ಊರಿಗೆ ಹೋಗುವವರು ಮಕ್ಕಳಿಗೆ ಏನೇನು ಒಯ್ಯಬೇಕು ಅಂತ ಕೇಳಿದ್ದಿರಿ. ಉತ್ತರಗಳಲ್ಲಿ ಸೊಳ್ಳೆ ಮುಲಾಮು, ಒಆರ್‌ಎಸ್ ಪುಡಿ ಎಲ್ಲಾ ಬಂತು, ಕಣ್ಣಿನ ಮಾತನ್ನ ಯಾರೂ ಎತ್ತಲಿಲ್ಲ. ಹೋದ ಸಲ ನಮಗೆ ಆದದ್ದನ್ನ ಬರೀತೀನಿ, ಸ್ವಲ್ಪ ಉದ್ದ ಆಗಬಹುದು.

ನಾವಿರೋದು ಮೆಲ್ಬರ್ನ್‌ನಲ್ಲಿ, ಮನೆಯವರ ಊರು ಗದಗ ಜಿಲ್ಲೆಯ ರೋಣದ ಹತ್ತಿರ. ಇಲ್ಲಿ ಮಗನ ಶಾಲೆಯಲ್ಲಿ ಟೋಪಿ ಇಲ್ಲದಿದ್ದರೆ ಬಿಸಿಲಿಗೆ ಆಡೋಕೆ ಬಿಡೋದಿಲ್ಲ. ಊರು ಮುಟ್ಟಿದ ದಿನವೇ ಆ ಟೋಪಿ, ಬಿಸಿಲಿನ ಚಸ್ಮಾ ಎರಡೂ ಬ್ಯಾಗಿನ ತಳ ಸೇರಿದವು. "ಚಳಿಗಾಲದಾಗ ಎಲ್ಲೀ ಬಿಸಲವಾ" ಅಂದರು ನಮ್ಮ ಅತ್ತೆ. ನನಗೂ ಹೌದಲ್ಲ ಅನ್ನಿಸಿತು. ಆದರೆ ಸೆಕೆಗೂ ಕಣ್ಣಿಗೆ ಕೆಡುಕು ಮಾಡುವ ಬಿಸಿಲಿನ ನೇರಳಾತೀತ (ಯುವಿ) ಕಿರಣಕ್ಕೂ ಸಂಬಂಧವಿಲ್ಲ. ನಮ್ಮ ಸೀಮೆ ಭೂಮಧ್ಯರೇಖೆಯಿಂದ ಬರೀ 15 ಡಿಗ್ರಿ ಆಚೆಗಿದೆ, ಮೋಡವಿಲ್ಲದ ಡಿಸೆಂಬರ್ ಮಧ್ಯಾಹ್ನ ಅಲ್ಲಿ ಈ ಕಿರಣ ಎಷ್ಟು ಜೋರಿದೆ ಅಂತ ತೋರಿಸುವ ಯುವಿ ಸೂಚ್ಯಂಕ 6 ಮುಟ್ಟಿರುತ್ತದೆ. ಇಲ್ಲಿ 3 ಆದರೇನೇ ಮಕ್ಕಳಿಗೆ ಟೋಪಿ ಹಾಕಿಸ್ತೀವಿ. ಮಕ್ಕಳ ಕಣ್ಣಿನ ಮಸೂರ ಇನ್ನೂ ತಿಳಿಯಾಗಿರೋದರಿಂದ ದೊಡ್ಡವರಿಗಿಂತ ಹೆಚ್ಚು ಕಿರಣ ಒಳಗೆ ಹೋಗುತ್ತದೆ.

ಆದರೆ ಅವನ ಕಣ್ಣಿಗೆ ಪೆಟ್ಟಾದದ್ದು ಬಿಸಿಲಿನಿಂದಲ್ಲ.

ಎಳ್ಳ ಅಮವಾಸ್ಯೆಗೆ ಚರಗ (ಭೂತಾಯಿಗೆ ಎಡೆ) ಚೆಲ್ಲಲು ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಪೂಜೆ ಆಯಿತು. ನಾವು ಹೆಂಗಸರು ಸಜ್ಜಿ ರೊಟ್ಟಿ, ಎಣಗಾಯಿ ಬುತ್ತಿ ಬಿಚ್ಚುತ್ತಿದ್ದೆವು, ಹುಡುಗರೆಲ್ಲ ಜೋಳದ ಸಾಲಿನಲ್ಲಿ ಓಡಾಡುತ್ತಿದ್ದರು. ಬಿಳಿಜೋಳ ಅವನ ತಲೆಗಿಂತ ಎತ್ತರ ಬೆಳೆದಿತ್ತು. ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತು, ಜೋಳದ ಎಲೆಯ ಅಂಚು ಸಣ್ಣ ಗರಗಸ ಇದ್ದಂಗೆ. ಸರಿಯಾಗಿ ಅವನ ಕಣ್ಣೆತ್ತರಕ್ಕೇ ಬಾಗಿಕೊಂಡಿತ್ತು. ಬಲಗಣ್ಣು ಮುಚ್ಚಿಕೊಂಡು ಅಳುತ್ತಾ ಓಡಿ ಬಂದ.

ಒಬ್ಬರು ಸೆರಗನ್ನ ಉಂಡೆ ಮಾಡಿ ಉಸಿರೂದಿ ಒತ್ತಲು ಬಂದರು, ಇನ್ನೊಬ್ಬರು ಔಡಲೆಣ್ಣಿ ಬಿಡು ಅಂದರು. ಎಲ್ಲರದೂ ಅಂತಃಕರಣವೇ, ಆದರೆ ಎರಡೂ ಬೇಡವಾದವು. ಮೈದುನ ಬೈಕ್ ಹತ್ತಿ ಔಷಧದ ಅಂಗಡಿಯಿಂದ ಹನಿ ತಂದರು. ಆ ಬಾಟಲಿಯಲ್ಲಿ ಸ್ಟೀರಾಯ್ಡ್ ಇತ್ತು. ಅದನ್ನ ಓದಿ ನೋಡದೆ ಹಾಕಿದ್ದರೆ ಅಂತ ನೆನೆಸಿದರೆ ಈಗಲೂ ಎದೆ ಝಲ್ ಅನ್ನುತ್ತದೆ. ಎಲೆ, ಕಡ್ಡಿ, ಹೊಟ್ಟು ತಗುಲಿ ಆದ ಗಾಯದಲ್ಲಿ ಶಿಲೀಂಧ್ರ (ಫಂಗಸ್) ಕೂರುವ ಭಯ ಇರುತ್ತದೆ. ಕೂತಿದ್ದರೆ ಸ್ಟೀರಾಯ್ಡ್ ಹನಿ ಅದಕ್ಕೆ ಗೊಬ್ಬರ ಹಾಕಿದಂತೆ, ಕೆಂಪು ಇಳಿದು ಗುಣವಾದಂತೆ ಕಾಣುತ್ತದೆ, ಒಳಗೆ ಹುಣ್ಣು ಬೆಳೆಯುತ್ತದೆ. ಕರಿಗುಡ್ಡೆಯ ಮೇಲೆ ಬಿಳಿ ಕಲೆ ಉಳಿದು ನೋಟ ಹೋದ ರೈತರು ನಮ್ಮ ಕಡೆ ಹಳ್ಳಿಗಳಲ್ಲಿ ಇದ್ದಾರೆ.

ಬುತ್ತಿ ಹಂಗೇ ಬಿಟ್ಟು ಗದಗಕ್ಕೆ ಹೋದೆವು. ಡಾಕ್ಟರು ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನ ರೆಪ್ಪೆಯೊಳಗೆ ಮುಟ್ಟಿಸಿ ನೀಲಿ ಬೆಳಕು ಬಿಟ್ಟರು. ಗುಡ್ಡೆಯ ಮೇಲೆ ಅಡ್ಡಕ್ಕೆ ಒಂದು ಹಸಿರು ಗೆರೆ ಹೊಳೆಯಿತು, ಅಕ್ಕಿಕಾಳಿನಷ್ಟು ಉದ್ದ. ಎಲೆಯಿಂದ ಆದ ಗಾಯ, ಪಟ್ಟಿ ಕಟ್ಟಬಾರದು ಅಂದರು. ಆಂಟಿಬಯಾಟಿಕ್ ಹನಿ ಕೊಟ್ಟು, ನಾಳೆ ಮತ್ತೆ ಕರಕೊಂಡು ಬರ್ರಿ ಅಂದರು. ಮೂರನೇ ದಿನಕ್ಕೆ ಗೆರೆ ಮಾಯವಾಯಿತು.

ಆ ಚಸ್ಮಾ ಮುಖದ ಮೇಲಿದ್ದಿದ್ದರೆ ಎಲೆ ಗಾಜಿಗೆ ತಾಗಿ ಸರಿದುಹೋಗುತ್ತಿತ್ತು. ಅದಕ್ಕೇ ಹೇಳೋದು, ಬಿಸಿಲಿಗೆ ಒಂದು, ಆಟಕ್ಕೆ ಒಂದು ಅಂತ ಬೇಕಿಲ್ಲ. ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಗಾಜು, ಯುವಿ ತಡೆಯುತ್ತದೆ ಅಂತ ಹೇಳುವ ಯುವಿ 400 ಗುರುತು, ಕಿವಿ ಕಡೆಗೂ ಬಾಗಿ ಮುಚ್ಚುವ ಆಕಾರ, ಹಿಂದೆ ಪಟ್ಟಿ, ಇಷ್ಟಿದ್ದರೆ ಚಿಣಿಪಣಿ (ಚಿನ್ನಿದಾಂಡು), ಕ್ರಿಕೆಟ್, ಹೊಲ ಎಲ್ಲಕ್ಕೂ ಆಯಿತು. ಜಾತ್ರೆಯಲ್ಲಿ ಮಕ್ಕಳು ಹಟ ಹಿಡಿಯುವ ಕರಿ ಚಸ್ಮಾ ಮಾತ್ರ ಬೇಡ. ಗಾಜು ಕಪ್ಪಿದ್ದರೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಯುವಿ ತಡೆ ಇಲ್ಲದಿದ್ದರೆ ಇನ್ನಷ್ಟು ಕಿರಣ ಒಳಗೆ ಇಳಿಯುತ್ತದೆ.

ಸುಣ್ಣದ ಬಗ್ಗೆಯೂ ಎಚ್ಚರ ಇರಲಿ. ಹೊಲದ ಕಟ್ಟೆಯ ಮೇಲೆ ಹಿರಿಯರ ಎಲೆ-ಅಡಿಕೆ ಚೀಲ ಬಿದ್ದಿರುತ್ತದೆ, ಅದರಲ್ಲಿನ ಸುಣ್ಣದ ಪಾಕೀಟನ್ನ ಮಕ್ಕಳು ಹಿಚುಕಿದರೆ ಸೀದಾ ಮುಖಕ್ಕೇ ಸಿಡಿಯುತ್ತದೆ. ಹಾಗಾದರೆ ಗಾಡಿ ಹುಡುಕುತ್ತಾ ನಿಲ್ಲಬೇಡಿ. ಮೊದಲು ಕೊಡಪಾನದ ನೀರು, ಕುಡಿಯೋ ಬಾಟಲಿ, ಯಾವುದಿದೆಯೋ ಅದರಿಂದ ರೆಪ್ಪೆ ಬಿಡಿಸಿ ಅರ್ಧ ತಾಸು ತೊಳೀರಿ. ಸುಣ್ಣ ಕಣ್ಣಲ್ಲಿರುವಷ್ಟು ಹೊತ್ತೂ ಸುಡುತ್ತಾ ಒಳಗಿಳಿಯುತ್ತದೆ. ಮಾರ್ಚಿಗೆ ಹೋಗುವವರು ಬಣ್ಣ ಎರಚಾಡುವ ಹುಬ್ಬಳ್ಳಿಯ ರಂಗಪಂಚಮಿಗೂ ಇದೇ ಚಸ್ಮಾ ಹಾಕಿಸಿ.

ಇದನ್ನೆಲ್ಲ ಓದಿ ಮಕ್ಕಳನ್ನ ಅಜ್ಜಿ ಮನೆಯ ಟಿವಿ ಮುಂದೆ ಕೂಡಿಸಬೇಡಿ. ದಿನಕ್ಕೆ ಎರಡು ತಾಸು ಹೊರಗಿನ ಬೆಳಕಿನಲ್ಲಿ ಆಡಿದರೆ ದೂರದ್ದು ಮಂಜಾಗುವ ದೋಷ ಬರುವ ಸಂಭವ ಕಡಿಮೆ ಅಂತ ಕಣ್ಣಿನ ತಜ್ಞರೇ ಹೇಳುತ್ತಾರೆ.

ಈ ಡಿಸೆಂಬರ್‌ಗೂ ಟಿಕೆಟ್ ಆಗಿದೆ. ಅಜ್ಜನಿಗೂ ಒಂದು ಚಸ್ಮಾ ತಗೋಬೇಕು ಅಂತ ಮಗ ಹೇಳಿದ್ದಾನೆ, ಜೋಳ ಕೀಳುವಾಗ ಅಜ್ಜನ ಕಣ್ಣಿಗೂ ಎಲೆ ಬಡಿಯುತ್ತದಲ್ಲ ಅಂತ. ಅವರ ಮುಖದ ಅಳತೆಯನ್ನ ಮೈದುನನಿಂದ ತರಿಸಿಕೊಂಡಿದ್ದೇನೆ.