ಸಹಾಯ ಬೇಕು: ಪಂಚಾಯ್ತಿ ತನಕ ಬಂದ ಫೈಬರ್ ಮನೆಗೆ ತರಿಸುವುದು ಹೇಗೆ?

ನಮಸ್ಕಾರ. ನಮ್ಮದು ಮಲೆನಾಡಿನ ಸಣ್ಣ ಹಳ್ಳಿ. ಪಂಚಾಯ್ತಿ ಕಚೇರಿ ತನಕ ಭಾರತ್‌ನೆಟ್ (ಹಳ್ಳಿಗಳಿಗೆ ಇಂಟರ್ನೆಟ್ ತಲುಪಿಸುವ ಕೇಂದ್ರ ಸರ್ಕಾರದ ಯೋಜನೆ) ಫೈಬರ್ ಕೇಬಲ್ ಬಂದಿದೆ, ನಮ್ಮ ಮನೆ ಅಲ್ಲಿಂದ ಎರಡು ಕಿಲೋಮೀಟರ್, ಮಧ್ಯೆ ಅಡಿಕೆ ತೋಟ, ಒಂದು ಹಳ್ಳ. ಮಗಳು ಆನ್‌ಲೈನ್ ಕ್ಲಾಸಿಗೆ ಇವತ್ತಿಗೂ ಗುಡ್ಡದ ಬಂಡೆ ಹತ್ತುತ್ತಾಳೆ, ಮಳೆ ಬಂದರೆ ಒಂದು ಕೈಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು. ನೋಡಿದರೆ ಕರುಳು ಚುರ್ ಅನ್ನುತ್ತದೆ.

2011ರಲ್ಲಿ ಒಪ್ಪಿಗೆ ಸಿಕ್ಕ ಯೋಜನೆ ಅಲ್ವಾ ಇದು? 2023ರಲ್ಲಿ ಮತ್ತೆ 1.39 ಲಕ್ಷ ಕೋಟಿ ರೂಪಾಯಿಗೆ ಮಂಜೂರಾತಿ ಸಿಕ್ಕಿತು, ಸ್ಥಳೀಯ ಉದ್ಯಮಿಗಳ ಮೂಲಕ ಮನೆಗಳಿಗೂ ಸಂಪರ್ಕ ಕೊಡುವ ವ್ಯವಸ್ಥೆ ಇದೆ. ನಾವು ಅರ್ಜಿ ಯಾರಿಗೆ ಕೊಡಬೇಕು? ಹತ್ತು ಮನೆಯವರು ಸೇರಿ ಕೇಳಿದರೆ ಬೇಗ ಆಗುತ್ತದಾ? ಕಂಬದ ಮೇಲೆ ಎಳೆದರೆ ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹರಿಯುವುದು ಜಾಸ್ತಿ, ನೆಲದಡಿ ಹಾಕಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.